ಹದಿನಾಲ್ಕನೇ ಚೀಟಿ

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ 9.20. ಒಹಾಯೊದ ಕ್ಯಾಲ್ಡರ್‌ವಿಲ್ ಪೊಲೀಸ್ ಠಾಣೆ. ಹಿಂದಿನ ದಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಿದ್ದರಿಂದ ಲಾಕಪ್ಪಿನಲ್ಲಿ ಅಮಲಿಳಿಯದ ಆರು ಮಂದಿ ಇನ್ನೂ ಇದ್ದರು. ಪೇದೆ ಹಾಲಿಸ್ ಗ್ರೀರ್ ಕಾಫಿ ಹಂಚುತ್ತಿದ್ದಾಗ, ಕೋಟಿಗೆ ಚಿನ್ನದ ಬಿಲ್ಲೆ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಎರಡು ರಿಜಿಸ್ಟರ್‌ಗಳನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಬಂದಳು.

“ದೂರು ಕೊಡ್ಬೇಕು,” ಎಂದಳು. “ನಮ್ಮ ಮನೆ ಮೇಲೇನೇ.”

ಹೆಸರು ಮಾರ್ಗೊ ಪೆಲ್ಟಿಯರ್, ಕೊನೆಯ ವರ್ಷದ ವಿದ್ಯಾರ್ಥಿನಿ. ಐವತ್ತೆರಡು ವಿದ್ಯಾರ್ಥಿನಿಯರು ಸಂಘ ಕಟ್ಟಿಕೊಂಡು ಒಟ್ಟಿಗೆ ವಾಸಿಸುವ ಮನೆ, ಅಂದರೆ ಸೊರೊರಿಟಿ, ವಿಲೋ ಹೌಸ್‌ನಲ್ಲಿ ನಡತೆ ಸಮಿತಿಯ ಅಧ್ಯಕ್ಷೆ. ಶನಿವಾರ ಮಧ್ಯಾಹ್ನ ಎಲ್ಲರೂ ಪಂದ್ಯಕ್ಕೆ ಹೋಗಿದ್ದಾಗ, ಹೊಸದಾಗಿ ಸೇರಿದ ಒಡೆಸ್ಸಾ ಲಿಂಡೆಲ್ ಅಡುಗೆಮನೆಯ ಫ್ರೀಜರ್ ಕೋಣೆಯೊಳಗೆ ಸಿಕ್ಕಿಬಿದ್ದಿದ್ದಳು. ಆಸ್ಪತ್ರೆಯ ಕಾಗದದಲ್ಲಿ ಅದು ಆಕಸ್ಮಿಕ ಎಂದು ದಾಖಲಾಗಿತ್ತು.

“ಆಕಸ್ಮಿಕ ಅಲ್ಲ. ನಮ್ಮಲ್ಲಿ ದೂರಿನ ಪೆಟ್ಟಿಗೆ ಇದೆ. ಪಕ್ಕದಲ್ಲೇ ನಂಬರ್ ಹಾಕಿದ ಚೀಟಿ ಪುಸ್ತಕ ಇರುತ್ತೆ. ಹರಿದು, ಬರೆದು, ಪೆಟ್ಟಿಗೆಗೆ ಹಾಕ್ಬೇಕು. ಹದಿನಾಲ್ಕನೇ ಚೀಟಿ ಹರಿದಿದೆ. ಸಮಿತಿ ಮುಂದೆ ಬಂದೇ ಇಲ್ಲ. ಯಾರೋ ಮುಂಚೇನೇ ದೂರಿದ್ದನ್ನ ಇನ್ಯಾರೋ ಅಡಗಿಸಿದಾರೆ.”

ಡಿಟೆಕ್ಟಿವ್ ಲೊರೇನ್ ಡುಬಿಕಿ ಕನ್ನಡಕ ಏರಿಸಿ ನೋಡಿದಳು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವಳಿಗೆ ಈ ಮನೆಗಳ ‘ನಮ್ಮ ನ್ಯಾಯ ನಾವೇ ಮಾಡ್ಕೋತೀವಿ’ ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವಳು ಹಲವು ಸಲ ಕಣ್ಣಾರೆ ಕಂಡಿದ್ದಳು.

“ಇದು ಹೊರಗೆ ಬಂದ್ರೆ ನಿಮ್ಮ ಮನೆಗೇ ಬೀಗ ಬೀಳಬಹುದು. ಗೊತ್ತಾ?”

“ಗೊತ್ತು.”

“ಮತ್ಯಾಕೆ ಬಂದೆ?”

“ತೊಂಬತ್ತೊಂದು ವರ್ಷದಿಂದ ನಮ್ಮ ತಪ್ಪನ್ನ ನಾವೇ ವಿಚಾರಣೆ ಮಾಡ್ಕೊಂಡು ಬಂದಿದೀವಿ, ಮೇಡಂ. ನಮ್ಮ ಕೈ ಮೀರಿದ್ದು ಅಂತ ಗೊತ್ತಾದ್ಮೇಲೂ ಹಿಡ್ಕೊಂಡು ಕೂತ್ರೆ ಅದು ನ್ಯಾಯ ಅಲ್ಲ, ಮುಚ್ಚಿಹಾಕೋದು.”

ಗ್ರೀರ್ ಕಾಫಿ ಹಂಚುವುದು ಬಿಟ್ಟು ನಿಂತ. 9.40ಕ್ಕೆ ದೂರು ದಾಖಲಾಯಿತು. ರ್‍ಯಾಗಿಂಗ್ ಮಾಡುವುದೂ, ಗೊತ್ತಿದ್ದು ಮುಚ್ಚಿಡುವುದೂ ಆ ರಾಜ್ಯದಲ್ಲಿ ಅಪರಾಧ.

10.30. ವಿಲೋ ಹೌಸ್‌ನ ಅಡುಗೆಮನೆಯಲ್ಲಿ ಪಂಚನಾಮೆ. ಫ್ರೀಜರ್ ಬಾಗಿಲಿಗೆ ಹೊರಗೆ ಚಿಲಕ. ಒಳಗಿನಿಂದ ತೆರೆಯುವ ಗುಂಡಿಯನ್ನು ಯಾರೋ ಕಿತ್ತಿದ್ದರು. ಗುಂಡಿ ಸಿಕ್ಕಿದ್ದು ಚಮಚಗಳ ಡ್ರಾಯರಿನಲ್ಲಿ. ಅಡುಗೆಯ ಓಪಲ್ ರೆನ್‌ಫ್ರೊ ಭಾನುವಾರದ ರಜೆ ಬಿಟ್ಟು ಬಂದು ನಿಂತಿದ್ದಳು.

“ನೀವು ಬಾಗಿಲು ತೆಗೆದಾಗ ಎಷ್ಟು ಗಂಟೆ?”

“ಹನ್ನೆರಡು ಐವತ್ತು. ಮೈದಾನದಲ್ಲಿ ಹಂಚೋ ಬನ್ನು ಸಾಲ್ದು ಅಂತ ಅಲ್ಲಿಂದ ವಾಪಸ್ ಬಂದೆ. ಇಲ್ದಿದ್ರೆ ಪಂದ್ಯ ಮುಗಿಯೋವರೆಗೂ…” ಓಪಲ್ ಫ್ರೀಜರ್ ಬಾಗಿಲ ಕಡೆ ಕೈ ತೋರಿಸಿದಳು. ಸಿಟ್ಟಿನಿಂದಲೇ ಹೇಳಿದಳು, “ಆ ಮಗು ಕಪಾಟಿನ ಕಂಬಿ ಹಿಡ್ಕೊಂಡು ನಿಂತಿತ್ತು. ಬೆರಳು ಅಂಟ್ಕೊಂಡಿತ್ತು.”

“ಯಾರು ಕೂಡಿಹಾಕಿದ್ದು?”

“ನಾನು ಅಡುಗೆಯವಳು. ಇಲ್ಲಿ ಯಾರೂ ನನಗೇನೂ ಹೇಳಲ್ಲ, ಉಪ್ಪು ಜಾಸ್ತಿಯಾದ್ರೆ ಮಾತ್ರ ಹೇಳ್ತಾರೆ.”

11.45, ಆಸ್ಪತ್ರೆ. ಒಡೆಸ್ಸಾಳ ಎರಡೂ ಕೈಗೆ ಬ್ಯಾಂಡೇಜು. ಮೂರು ಬೆರಳಿನ ತುದಿ ಉಳಿಯುತ್ತದೋ ಇಲ್ಲವೋ ವಾರ ಕಳೆಯದೆ ಹೇಳಲಾಗದು ಎಂದಿದ್ದರು ಡಾಕ್ಟರು.

“ಹದಿನಾಲ್ಕನೇ ಚೀಟಿ ಬರೆದಿದ್ದು ಯಾರು?” ಎಂದಳು ಲೊರೇನ್.

“ನಾನೇ. ಸೆಪ್ಟೆಂಬರ್ 30, ಮಂಗಳವಾರ. ಅದಕ್ಕೆ ಮುಂಚೇನೂ ಇಬ್ಬರು ಹುಡುಗೀರನ್ನ ಅಲ್ಲೇ ನಿಲ್ಲಿಸಿದ್ರು. ಮನೆ ಕಟ್ಟಿದವರ ಹೆಸರೆಲ್ಲ ತಪ್ಪದೆ ಹೇಳಿದ್ರೇನೇ ಬಾಗಿಲು ತೆಗೀತಿದ್ರು.”

“ಯಾರು ಅವರು? ಹೆಸರು ಹೇಳು.”

“ಹೇಳಲ್ಲ.”

“ಬೆರಳು ಹೋಗೋ ಹಾಗಿದೆ, ಇನ್ನೂ ಅವರನ್ನ ಕಾಪಾಡ್ತೀಯಾ?”

“ಕಾಪಾಡ್ತಿಲ್ಲ ಮೇಡಂ.” ಹುಡುಗಿಗೆ ಹದಿನೆಂಟು ದಾಟಿರಲಿಲ್ಲ, ಆದರೆ ದನಿ ನಡುಗಲಿಲ್ಲ. “ಸೇರುವಾಗ ಮಾತು ಕೊಟ್ಟಿದ್ರು. ಯಾರೇ ಬರೀಲಿ, ಸಮಿತಿ ಕೂತು ಕೇಳುತ್ತೆ ಅಂತ. ನಾನು ಬರೆದೆ. ಸಮಿತಿಯ ಐದು ಜನಾನೂ ಓದಿ ನುಂಗ್ಕೊಂಡ್ರು. ಹೇಳೋದಿದ್ರೆ ಅವರ ಮುಖ ನೋಡ್ಕೊಂಡೇ ಹೇಳ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳಲ್ಲ.”

ಹೊರಗೆ ಬಂದಾಗ ಗ್ರೀರ್ ತಲೆ ಕೆರೆದುಕೊಂಡ. “ಏನ್ ಹಟ ಮೇಡಂ ಇದು!”

“ಹಟ ಅಲ್ಲ ಕಣಯ್ಯ. ಅವಳಿಗೆ ಸಿಗಬೇಕಾದ ಉತ್ತರ ಕೇಳ್ತಿದಾಳೆ,” ಎಂದಳು ಲೊರೇನ್. ಹಾಗೆ ಹೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

ಮಧ್ಯಾಹ್ನ 1.15. ಮಾರ್ಗೊ ತಂದ ರಿಜಿಸ್ಟರ್‌ಗಳನ್ನು ಠಾಣೆಯ ಮೇಜಿನ ಮೇಲೆ ಹರಡಿದರು. ಒಡೆಸ್ಸಾ ಹೇಳಿದ್ದನ್ನು ಕೇಳಿ ಮಾರ್ಗೊಳ ಮುಖ ಬಿಳಿಚಿಕೊಂಡಿತ್ತು. “ನಾವು ಓದ್ಲೇ ಇಲ್ಲ. ಅವಳು ಹಾಗೆ ತಿಳ್ಕೊಂಡಿದಾಳಾ?” ಎಂದು ಎರಡು ಸಲ ಕೇಳಿದಳು. ಬೀಗದ ಮಾತಿಗೆ ಜಗ್ಗದಿದ್ದವಳು ಈಗ ಕುರ್ಚಿಯ ತೋಳು ಹಿಡಿದುಕೊಂಡಳು.

“ಪೆಟ್ಟಿಗೆ ತೆಗೆಯೋದು ಯಾರು?”

“ಕಾರ್ಯದರ್ಶಿ, ಬ್ರಿನ್ ಹ್ಯಾಲರನ್. ಪ್ರತಿ ಗುರುವಾರ ಮೂರೂವರೆಗೆ ತೆಗೆದು ಓದ್ತಾಳೆ. ಸಭೆ ನಾಲ್ಕಕ್ಕೆ. ಸಮಿತೀಲಿರೋ ಯಾರ ಮನೆತನದವರ ಮೇಲೆ ದೂರಿದ್ರೂ ಅವರು ಪುಸ್ತಕದಲ್ಲಿ ಸಹಿ ಮಾಡಿ ಹೊರಗೆ ಉಳೀಬೇಕು.”

“ಮನೆತನ ಅಂದ್ರೆ, ಆ ಅಕ್ಕ-ತಂಗಿ ಲೆಕ್ಕಾನಾ?” ಎಂದ ಗ್ರೀರ್. ಅವನ ಹೆಂಡತಿಯೂ ಓದುವಾಗ ಇಂಥದೇ ಮನೆಯಲ್ಲಿದ್ದವಳು.

“ಹೌದು. ಎರಡನೇ ವರ್ಷದಿಂದ ಪ್ರತಿಯೊಬ್ಬಳೂ ಹೊಸಬಳೊಬ್ಬಳನ್ನ ತಂಗಿಯಾಗಿ ತಗೋತಾಳೆ. ಅವಳು ಇನ್ನೊಬ್ಬಳನ್ನ. ಹಜಾರದ ಗೋಡೆ ಮೇಲೆ ಎಲ್ಲ ಮನೆತನದ ಹೆಸರೂ ಬರೆದಿರುತ್ತೆ.”

“ಅಕ್ಟೋಬರ್ 2, ಚೀಟಿ ಹಾಕಿದ ಮೇಲಿನ ಮೊದಲ ಗುರುವಾರ. ಏನಾಯ್ತು?”

“ಪೆಟ್ಟಿಗೆ ಖಾಲಿ, ನಾನು ಬರಲ್ಲ ಅಂತ ಬ್ರಿನ್ ಮೆಸೇಜ್ ಹಾಕಿದ್ಲು. ನಾಲ್ಕು ಜನ ಕೂತ್ವಿ, ಎರಡೇ ನಿಮಿಷಕ್ಕೆ ಎದ್ವಿ.”

ಲೊರೇನ್ ಹಾಜರಿ ಪುಸ್ತಕ ತಿರುವಿದಳು. ಅಕ್ಟೋಬರ್ 2ರ ಪುಟ. ನಾಲ್ಕು ಸಹಿ. ಐದನೆಯ ಸಾಲಿನಲ್ಲಿ ಸಣ್ಣ, ಅಚ್ಚುಕಟ್ಟಾದ ಅಕ್ಷರ: ‘ಸ್ವಂತ ಮನೆತನದ ವಿಷಯ. ಹೊರಗುಳಿದಿದ್ದೇನೆ. ಬ್ರಿನ್ ಹ್ಯಾಲರನ್.’

ಪುಸ್ತಕವನ್ನು ಮಾರ್ಗೊಳ ಕಡೆ ತಿರುಗಿಸಿದಳು. “ಪೆಟ್ಟಿಗೆ ಖಾಲಿ ಇದ್ರೆ, ಇವಳು ಯಾವ ವಿಷಯದಿಂದ ಹೊರಗುಳಿದ್ಲು?”

ಮಾರ್ಗೊ ಆ ಸಾಲಿನ ಮೇಲೆ ಬೆರಳಿಟ್ಟಳು. “ನಾವು ಎದ್ದುಹೋದ್ಮೇಲೆ ಬರೆದಿದಾಳೆ. ಈ ಪುಟ ಓದೋದು ನನ್ನ ಕೆಲಸ,” ಎಂದಳು. “ನಾನು ಓದ್ಲಿಲ್ಲ. ಅದನ್ನೂ ಬರ್ಕೊಳ್ಳಿ.”

“ಬ್ರಿನ್ ಮನೆತನದಲ್ಲಿ ಈಗ ಯಾರ್‍ಯಾರಿದಾರೆ?”

“ಒಬ್ಬಳೇ. ಟ್ಯಾಮ್ಸಿನ್ ಯೋಡರ್. ಹೊಸಬರಿಗೆ ಮನೆ ಚರಿತ್ರೆ ಕಲಿಸೋಳು.”

2.30. ವಿಲೋ ಹೌಸ್‌ನ ಹಜಾರ. ಬ್ರಿನ್ ಎತ್ತರದ ಹುಡುಗಿ, ಕಾನೂನು ಓದಲು ಹೊರಟವಳು. ಲೊರೇನ್ ಅವಳ ಹಕ್ಕುಗಳನ್ನು ಓದಿ ಹೇಳಿ, ವಕೀಲರು ಬೇಕೇ ಎಂದು ಕೇಳಿದಳು. ಬೇಡ ಎಂದಳು. ಮುಂದಿಟ್ಟ ಪುಟವನ್ನು ನೋಡಿದವಳು ನಿರಾಕರಿಸಲೂ ಇಲ್ಲ.

“ಚೀಟಿ ಎಲ್ಲಿ?”

“ನನ್ನ ರೂಮಲ್ಲಿದೆ. ಹರಿದುಹಾಕೋಕೆ ಮನಸ್ಸು ಬರ್ಲಿಲ್ಲ.”

“ಬಚ್ಚಿಟ್ಟೋಳು ಸಹಿ ಯಾಕೆ ಮಾಡಿದೆ? ಅದೊಂದು ಇಲ್ದಿದ್ರೆ ಇಷ್ಟು ಬೇಗ ನಿನ್ನ ಹತ್ರ ಬರ್ತಿರ್ಲಿಲ್ಲ.”

“ನನ್ನ ತಂಗಿ ವಿಷಯ ಇಟ್ಕೊಂಡು ಸಮಿತೀಲಿ ಹೇಗೆ ಕೂರ್‍ಲಿ?” ಬ್ರಿನ್ ನಿಜವಾಗಿಯೂ ಬೆರಗಾದಂತೆ ಕೇಳಿದಳು. “ಅದು ನಿಯಮ.”

ಗ್ರೀರ್ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ. ಕದ್ದವಳು ರಸೀದಿ ಬರೆದಿಟ್ಟು ಹೋಗಿದ್ದನ್ನು ಅವನು ಅದೇ ಮೊದಲು ಕಂಡದ್ದು.

ಟ್ಯಾಮ್ಸಿನ್ ಮಹಡಿಯಿಂದ ತಾನೇ ಇಳಿದು ಬಂದಳು. ಅವಳೂ ವಕೀಲರು ಬೇಡವೆಂದಳು. ಒಡೆಸ್ಸಾಳನ್ನು ಹತ್ತೇ ನಿಮಿಷ ಕೂಡಿಹಾಕೋಣ ಎಂದುಕೊಂಡಿದ್ದಳಂತೆ, ಮೈದಾನದ ಬ್ಯಾಂಡಿನ ಸದ್ದು ಕೇಳಿ ಓಡಿದ್ದಳಂತೆ, ಆಮೇಲೆ ಮರೆತೇಹೋಯಿತಂತೆ. ಅಳುತ್ತ ಅಳುತ್ತ ಹೇಳಿಕೆ ಕೊಟ್ಟಳು. ಚೀಟಿ ಬಂದಾಗ ಬ್ರಿನ್ ಗದರಿಸಿದ್ದಳು, ಇವಳು ಇನ್ನು ಮಾಡುವುದಿಲ್ಲ ಎಂದು ಆಣೆಯಿಟ್ಟಿದ್ದಳು. ಆ ಆಣೆ ಒಂಬತ್ತು ದಿನ ನಿಂತಿತು.

ಆದರೆ ನ್ಯಾಯಾಲಯಕ್ಕೆ ಒಡೆಸ್ಸಾಳ ಹೇಳಿಕೆಯೂ ಬೇಕು. 4.00 ಗಂಟೆಗೆ ಆಸ್ಪತ್ರೆಯ ಕೋಣೆಯಲ್ಲಿ ನಡತೆ ಸಮಿತಿಯ ನಾಲ್ವರು ಮಂಚದ ಸುತ್ತ ನಿಂತರು. ಲೊರೇನ್ ಚೀಟಿಯ ನಕಲು ಕೊಟ್ಟು ಬಾಗಿಲ ಬಳಿ ಸರಿದಳು. ಇಷ್ಟು ವರ್ಷ ತಾನು ಗೇಲಿ ಮಾಡುತ್ತಿದ್ದ ಆ ಮಕ್ಕಳ ಕೋರ್ಟನ್ನು ಅವಳು ಕಣ್ಣಾರೆ ನೋಡಿದ್ದು ಆಗಲೇ.

“ಒಡೆಸ್ಸಾ ಲಿಂಡೆಲ್,” ಎಂದಳು ಮಾರ್ಗೊ, “ನಿನ್ನ ದೂರು ನಮಗೆ ತಲುಪಿದ್ದು ಇವತ್ತು, ಹನ್ನೆರಡು ದಿನ ತಡವಾಗಿ. ತಡವಾದ ತಪ್ಪು ನಮ್ದು. ಪೊಲೀಸರಿಗೆ ದೂರು ಕೊಟ್ಟಿದ್ದೂ ನಾವೇ. ಈಗ ನಿನ್ನ ಚೀಟಿ ಓದ್ತೀವಿ.”

ನಾಲ್ಕೂ ಜನ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿದರು. ಒಡೆಸ್ಸಾ ಕೊನೆಯವಳ ಓದು ಮುಗಿಯುವವರೆಗೂ ಅವರ ಮುಖ ನೋಡಿದಳು. ಆಮೇಲೆ ಲೊರೇನಳತ್ತ ತಿರುಗಿದಳು. “ಬರ್ಕೊಳ್ಳಿ ಮೇಡಂ. ಹೇಳ್ತೀನಿ.”

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಲೊರೇನಳಿಗೆ ಈ ಊರಿನ ಹುಡುಗಿಯರ ಬಗ್ಗೆ ಹೆಮ್ಮೆಯಾಯಿತು.

5.25. ಬ್ರಿನ್, ಟ್ಯಾಮ್ಸಿನ್ ಇಬ್ಬರನ್ನೂ ವಿಲೋ ಹೌಸ್‌ನಲ್ಲಿ ಬಂಧಿಸಲಾಯಿತು. ಮೆಟ್ಟಿಲುಗಳ ಮೇಲೆ ಮನೆಯ ಉಳಿದ ಹುಡುಗಿಯರೆಲ್ಲ ನಿಂತಿದ್ದರು. ಬೇಡಿ ಹಾಕುವ ಮುಂಚೆ ಎರಡು ನಿಮಿಷ ಕೇಳಿಕೊಂಡ ಬ್ರಿನ್, ಮನೆಯ ಸದಸ್ಯತ್ವದ ಗುರುತಾದ ಎದೆಯ ಚಿನ್ನದ ಬಿಲ್ಲೆ ಬಿಚ್ಚಿ ಮಾರ್ಗೊಳ ಮುಂದೆ ಚಾಚಿದಳು.

“ತಗೊ. ನೀನು ಕಿತ್ಕೊಳ್ಳೋ ಮುಂಚೆ ನಾನೇ ಕೊಡ್ತೀನಿ.”

ಮಾರ್ಗೊ ಕೈ ಚಾಚಲಿಲ್ಲ. “ಹಾಗೆಲ್ಲ ತಗೊಳ್ಳೋಕಾಗಲ್ಲ ಬ್ರಿನ್. ನಿನಗೆ ಸಮಿತಿಯಿಂದ ನೋಟಿಸ್ ಬರುತ್ತೆ. ಏಳು ದಿನ ಟೈಮಿದೆ. ನಿನ್ನ ಪರವಾಗಿ ಮಾತಾಡೋಕೆ ಒಬ್ಬರನ್ನ ಆರಿಸ್ಕೋಬಹುದು. ನಿನ್ನ ಮಾತು ಕೇಳಿದ್ಮೇಲೇನೇ ತೀರ್ಪು. ಅಲ್ಲಿವರೆಗೂ ಅದು ನಿಂದೇ. ಹಾಕ್ಕೊ.”

ಅದುವರೆಗೆ ಅಳದಿದ್ದ ಬ್ರಿನ್ ಈಗ ಅತ್ತಳು. ಬಿಲ್ಲೆಯನ್ನು ಮಾರ್ಗೊಳೇ ಅವಳ ಎದೆಗೆ ಮತ್ತೆ ಸಿಕ್ಕಿಸಿದಳು.

ಠಾಣೆಗೆ ಹೋಗುವಾಗ ಕಾರಿನಲ್ಲಿ ಲೊರೇನ್ ಹೆಚ್ಚೇನೂ ಕೇಳಲಿಲ್ಲ. ಬ್ರಿನ್ ತಾನಾಗಿಯೇ ಹೇಳಿದಳು. ಅಕ್ಕನಾದ ಅವಳಿಗೆ ಆ ಮನೆಯಲ್ಲಿ ಸಿಕ್ಕಿದ್ದು ಒಬ್ಬಳೇ ತಂಗಿ. ಟ್ಯಾಮ್ಸಿನ್ ಹೊರಬಿದ್ದರೆ ಗೋಡೆಯ ಮೇಲೆ ಹದಿನೇಳು ಹೆಸರಿನ ಆ ಮನೆತನ ಅಲ್ಲಿಗೆ ನಿಲ್ಲುತ್ತಿತ್ತು. “ನನ್ನ ಕಾಲದಲ್ಲಿ ನಿಂತುಹೋಯ್ತು ಅನ್ನಿಸ್ಕೊಳ್ಳೋದು ಬೇಡವಾಗಿತ್ತು,” ಎಂದಳು. ಒಂದು ಸಿಗ್ನಲ್ ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

“ಮೇಡಂ, ಸಮಿತಿ ವಿಚಾರಣೆ ದಿನ ನನ್ನನ್ನ ವಿಲೋ ಹೌಸ್‌ಗೆ ಕರ್ಕೊಂಡು ಹೋಗ್ತೀರಾ? ಒಡೆಸ್ಸಾ ಕೇಳೋದಕ್ಕೆಲ್ಲ ಅವಳ ಎದುರಿಗೇ ಉತ್ತರ ಹೇಳ್ಬೇಕು.”

“ಜಡ್ಜ್ ಒಪ್ಪಿದ್ರೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದಳು ಲೊರೇನ್.