ಇನ್ನೂರು ಮೈಲಿ

ಹದಿನೆಂಟು ಅಡಿಯ ಹಳೆಯ ಅಮೆರಿಕನ್ ಕಾರನ್ನು ನಾನು ಕಿರುಬೆರಳಲ್ಲೇ ಇನ್ನೂರು ಮೈಲಿ ಓಡಿಸಿದೆ, ರೆಪ್ಪೆಯನ್ನೂ ಬಡಿಯಲಿಲ್ಲ. ಪಿಲ್ಲಗುಂಪೆಯ ನಮ್ಮ ಗ್ಯಾರೇಜಿನಲ್ಲಿ ರಿಪೇರಿಯಾದ ಕಾರಿಗೆ ಅದೇ ಪರೀಕ್ಷೆ. ತಯಾರಿಸಿದವರು ಇದನ್ನು ವಾರಗಟ್ಟಲೆ ನಿಲ್ಲಿಸದೆ ಓಡಿಸಿದ್ದರಂತೆ; ಒಬ್ಬ ಡ್ರೈವರ್ ಎದ್ದರೆ, ಸೀಟು ಆರುವ ಮೊದಲೇ ಇನ್ನೊಬ್ಬ ಕೂರುತ್ತಿದ್ದನಂತೆ.

ಗ್ಯಾರೇಜಿನ ಮಾಲೀಕ ಹೈದರ್ ಭಾಯ್ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿದರು.

"ಇನ್ನೂರು ಮೈಲಿಗೆ ಇಷ್ಟೇನಾ ಪೆಟ್ರೋಲ್ ಕುಡಿಯೋದು? ನಿಜ ಹೇಳೋ ಮಂಜೇಶ, ಇಲ್ಲಾಂದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ."

"ತೂಬಗೆರೆ ಹತ್ರ ಹುಣಸೆ ಮರದಡಿ ನಿಲ್ಸಿ, ಸಂಜೆವರ್ಗೂ ಹಿಂದಿನ ಸೀಟಲ್ಲಿ ಮಲ್ಗಿಬಿಟ್ಟೆ ಭಾಯ್. ಕೀ ಜೇಬಲ್ಲೇ ಇತ್ತು."

"ಮತ್ತೆ ಮೀಟರ್ ಹೆಂಗೆ ತಿರುಗ್ತು?"

ನಾನು ಎದ್ದಾಗ ನೆರಳಲ್ಲೂ ಡ್ರೈವರ್ ಸೀಟು ಬೆಚ್ಚಗಿತ್ತು. ಸ್ಟೇರಿಂಗು ಬೆವರಿನಿಂದ ಒದ್ದೆಯಾಗಿತ್ತು. ಮೀಟರ್ ಸರಿಯಾಗಿ ಇನ್ನೂರು ಮೈಲಿ ಮುಂದಿತ್ತು. ಇದೊಂದು ಮಾತ್ರ ಸುಳ್ಳಲ್ಲ.