ಆರು ಮಂದಿ ಓದದ ಎಚ್ಚರಿಕೆ

ಆರು ಜನ ಹೃದಯತಜ್ಞರು ತಾವು ಕಣ್ಣೆತ್ತಿಯೂ ನೋಡಿಲ್ಲ ಎಂದು ಆಣೆ ಇಡುತ್ತಿದ್ದ ಸುದ್ದಿಯನ್ನು 'ಓದಲಾಗಿದೆ' ಎಂದು ಅವರ ಫೋನುಗಳೇ ಸಾಧಿಸುತ್ತಿದ್ದವು. ಅದು ಅಂತಿಂಥ ಸುದ್ದಿಯೂ ಅಲ್ಲ. ಒಂದು ಬಗೆಯ ಕೃತಕ ಹೃದಯ ಕವಾಟದಲ್ಲಿ ದೋಷವಿದೆ, ಬಳಸಬೇಡಿ ಎಂಬ ಎಚ್ಚರಿಕೆ. ಕವಾಟ ಬೇಕಿಲ್ಲದ ಮೊದಲ ಆಪರೇಷನ್ ಮುಗಿಸಿ ಹೊರಬಂದ ಅರಿವಳಿಕೆ ಡಾಕ್ಟರು ತಮ್ಮ ಫೋನಿನಲ್ಲಿ ಅದನ್ನು ಓದಿ ಓಡಿಹೋಗಿ ತಡೆದದ್ದರಿಂದ ಎರಡನೆಯ ರೋಗಿ ಬಚಾವಾದ.

ಬಿಡುವಿಲ್ಲದ ತಜ್ಞರು ಮೂರೇ ನಿಮಿಷದಲ್ಲಿ ವೈದ್ಯಲೋಕದ ಸುದ್ದಿ ತಿಳಿಯಲಿ ಎಂದು ವೈದ್ಯಕೀಯ ಪತ್ರಿಕೆಯೊಂದು ಮಾಡಿದ ಆ್ಯಪ್ ಅದು. ಅರಿವಳಿಕೆ ಡಾಕ್ಟರೂ ಸೇರಿ ಈ ಏಳು ಮಂದಿಯ ಕೈಯಲ್ಲಿ ಪರೀಕ್ಷೆಗಿತ್ತು. ವಿನ್ಯಾಸಕಿಗೆ ಅದರ ಮೇಲೆ ಹೆತ್ತ ಮಗುವಿನಷ್ಟು ಹೆಮ್ಮೆ. ತುರ್ತು ಸುದ್ದಿ ಬಂದರೆ ಪರದೆ ತಾನಾಗಿ ಬೆಳಗಬೇಕು, ಬೆರಳಲ್ಲಿ ಒಮ್ಮೆ ಪಕ್ಕಕ್ಕೆ ಸರಿಸಿದರೆ ಓದಿದ ಲೆಕ್ಕ. ಆ ಉಪಾಯ ಅವಳದೇ.

ಸಂಪಾದಕರು ಮಾತ್ರ ಪ್ರೋಗ್ರಾಮರ್ ಮೇಲೆ ಹರಿಹಾಯ್ದರು. "ಅಂಕಿ ಚೆನ್ನಾಗಿ ಕಾಣ್ಲಿ ಅಂತ ನೀನೇ ಸುಳ್ಳು ತುಂಬಿಸಿದೀಯ. ಸಂಜೆಯೊಳಗೆ ಒಪ್ಕೋ, ಇಲ್ಲಾಂದ್ರೆ ಗಂಟುಮೂಟೆ ಕಟ್ಟು!"

"ನಾನಲ್ಲ ಸರ್," ಎಂದ ಅವನು.

ವಿನ್ಯಾಸಕಿ ನೇರ ದೊಡ್ಡಮ್ಮನ ಮೇಜಿಗೆ ಹೋದಳು. ಕರಡು ತಿದ್ದುವ ಆಕೆ ಆಫೀಸಿಗೆಲ್ಲ ದೊಡ್ಡಮ್ಮನಾದರೂ ಸಂಬಂಧದಲ್ಲಿ ಇವಳೊಬ್ಬಳಿಗೇ. ಕಳೆದುಹೋದ ಬೀಗದ ಕೈಯಿಂದ ಕದ್ದ ಲೇಖನದವರೆಗೆ ಅಲ್ಲಿ ಎಲ್ಲವನ್ನೂ ಪತ್ತೆ ಹಚ್ಚುತ್ತಿದ್ದದ್ದು ಆಕೆಯೇ.

"ದೊಡ್ಡಮ್ಮ, ಅವನು ಅಂಥವನಲ್ಲ."

"ಅಂಥವನೋ ಇಂಥವನೋ, ಮೊದಲು ಸಮಯದ ಪಟ್ಟಿ ತೋರ್ಸೇ."

ಎಚ್ಚರಿಕೆ ಹೋದದ್ದು ಎಂಟು ಗಂಟೆಗೆ. ಎಂಟೂ ಐದಕ್ಕೆ ಮೊದಲ ಫೋನು 'ಓದಿತ್ತು'. ಎಂಟೊಂಬತ್ತು ಸೆಕೆಂಡಿಗೊಂದರಂತೆ ಉಳಿದ ಐದೂ ಓದಿದ್ದವು. ದೊಡ್ಡಮ್ಮ ಕನ್ನಡಕ ಏರಿಸಿ, "ನಡಿ ಆಸ್ಪತ್ರೆಗೆ," ಎಂದಳು. ಅಲ್ಲಿ ಆಕೆ ಏಳೂ ಫೋನುಗಳನ್ನು ತರಿಸಿ ಮೂಸಿ ನೋಡಿದಾಗ ವಿನ್ಯಾಸಕಿಗೆ ನಾಚಿಕೆಯೇ ಆಯಿತು. ಎಲ್ಲದಕ್ಕೂ ಸ್ಪಿರಿಟ್ ವಾಸನೆ. ಅರಿವಳಿಕೆ ಡಾಕ್ಟರ ಫೋನಿಗೆ ಮಾತ್ರ ಪುಸ್ತಕದಂತೆ ಮುಚ್ಚುವ ಚರ್ಮದ ಕವಚವಿತ್ತು.

ಸಂಜೆ ಎಲ್ಲರೂ ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ಸೇರಿದರು.

"ಕಂಪ್ಯೂಟರ್ ಮುಂದೆ ಕೂತು ಸುಳ್ಳು ತುಂಬೋನು ಆರನ್ನೂ ಒಟ್ಟಿಗೇ ತುಂಬ್ತಿದ್ದ," ಎಂದು ದೊಡ್ಡಮ್ಮ ಶುರು ಮಾಡಿದಳು. "ಏಳನೇದನ್ನ ಬಿಡ್ತಾನೂ ಇರ್ಲಿಲ್ಲ. ಇದು ಒಂದಾದ ಮೇಲೊಂದು ಕೈಗೆತ್ತಿಕೊಂಡು ಮಾಡಿದ ಕೆಲಸ. ಸಿಸ್ಟರ್, ಬೆಳಿಗ್ಗೆ ಡಾಕ್ಟರು ಕೈ ತೊಳೆಯೋಕೆ ಹೋದ್ಮೇಲೆ ಅವರ ಫೋನ್ ಏನ್ ಮಾಡ್ತೀರಿ?"

ಆಪರೇಷನ್ ಕೋಣೆಯ ಹಿರಿಯ ನರ್ಸ್ ತಲೆ ಎತ್ತಿ ಹೇಳಿದರು. "ತಟ್ಟೆಯಿಂದ ಒಂದೊಂದೇ ತೆಗೆದು ಸ್ಪಿರಿಟ್ ಬಟ್ಟೇಲಿ ಒರೆಸ್ತೀನಿ. ಒರೆಸದ ಫೋನ್ ಥಿಯೇಟರ್ ಬಾಗಿಲ ಕೆಂಪು ಗೆರೆ ದಾಟೋಕೆ ಇಪ್ಪತ್ತು ವರ್ಷದಿಂದ ಬಿಟ್ಟಿಲ್ಲ."

"ಇದನ್ನೂ ಒರೆಸಿ."

ದೊಡ್ಡಮ್ಮ ಅದೇ ಎಚ್ಚರಿಕೆ ಬೆಳಗುತ್ತಿದ್ದ ಫೋನೊಂದನ್ನು ಕೊಟ್ಟಳು. ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಸುದ್ದಿ ಪಕ್ಕಕ್ಕೆ ಸರಿದು 'ಓದಲಾಗಿದೆ' ಎಂದಿತು. ಅರಿವಳಿಕೆ ಡಾಕ್ಟರ ಫೋನನ್ನು ಬೆಳಿಗ್ಗೆ ಕವಚದ ಹೊರಗಿನಿಂದ ಒರೆಸಿದ್ದರಿಂದ ಅದೊಂದರಲ್ಲೇ ಎಚ್ಚರಿಕೆ ಉಳಿದಿತ್ತು.

ನರ್ಸ್ ಕಣ್ಣಲ್ಲಿ ನೀರು ತುಂಬಿತು. "ಅಯ್ಯೋ, ಹಾಗಾದ್ರೆ ನನ್ನಿಂದ..."

"ನೀವು ನಿಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದೀರಿ," ಎಂದಳು ದೊಡ್ಡಮ್ಮ.

"ಮತ್ತೆ ತಪ್ಪು ಯಾರ್ದು?" ಎಂದು ಕೇಳಿದರು ಮುಖ್ಯ ಹೃದಯತಜ್ಞರು.

ದೊಡ್ಡಮ್ಮನಿಗೆ ಗೊತ್ತಿತ್ತು, ಆದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಸುಮ್ಮನಿದ್ದರೆ ಯಾರೂ ವಿನ್ಯಾಸಕಿಯ ಹೆಸರೆತ್ತುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ನಂದು ಸರ್. ಡಾಕ್ಟರ್ ಬೆರಳು ಹೇಗೆ ಓಡಾಡತ್ತೆ ಅಂತ ನೋಡ್ದೆ. ಫೋನ್ ಬೇರೆಯವರ ಕೈಗೆ ಹೋಗತ್ತೆ ಅನ್ನೋದು ನನಗೆ ಹೊಳೀಲಿಲ್ಲ. ಕವಾಟದ ಹೆಸರನ್ನ ಪಟ್ಟೀಲಿ ಆರಿಸಿ ಒತ್ತೋವರೆಗೂ ಎಚ್ಚರಿಕೆ ಹೋಗದ ಹಾಗೆ ಮಾಡ್ತೀನಿ. ಸಿಸ್ಟರ್ ಒರೆಸಿ ನೋಡಿ ಒಪ್ಪಿದ್ಮೇಲೇ ನಿಮ್ಮ ಕೈಗೆ ಕೊಡೋದು."

ಸಂಪಾದಕರು ಪ್ರೋಗ್ರಾಮರ್‌ನ ಕೈ ಹಿಡಿದು ಎಲ್ಲರೆದುರೇ ಕ್ಷಮೆ ಕೇಳಿದರು. ಮುಖ್ಯ ತಜ್ಞರು ವಿನ್ಯಾಸಕಿಯನ್ನೇ ನೋಡುತ್ತಿದ್ದರು.

"ಪರೀಕ್ಷೆ ಮುಂದುವರೀಲಿ. ತಪ್ಪನ್ನ ಹೀಗೆ ಎದ್ದು ಒಪ್ಪಿಕೊಳ್ಳೋರು ನಮ್ಮಲ್ಲೂ ಕಡಿಮೆ. ಯಾರಮ್ಮ ಈ ಹುಡುಗಿ?"

"ನನ್ನ ತಂಗಿ ಮಗಳು!" ಎಂದಳು ದೊಡ್ಡಮ್ಮ, ಹೊರಗಿನ ಓಣಿಗೂ ಕೇಳುವಷ್ಟು ಜೋರಾಗಿ.