ಫಿಲೋಮಿನಾರ ಮೆಮೊರಿ ಮಾಪಕ

ಸರ್ವರಿನ ಮೆಮೊರಿ ಎಷ್ಟು ತುಂಬಿದೆಯೆಂದು ಮಾಪಕ ನಿಮಿಷಕ್ಕೊಮ್ಮೆ ಪರದೆಯ ಮೇಲೆ ಒಂದು ಸಾಲು ಬರೆಯುತ್ತಿತ್ತು. ಬೆಳಿಗ್ಗೆ ಶೇಕಡಾ ಅರವತ್ತೆಂಟು ಇದ್ದದ್ದು ಮಧ್ಯಾಹ್ನಕ್ಕೆ ಎಪ್ಪತ್ತೆರಡಾಗಿತ್ತು. 2058ರಲ್ಲಿ ಕಾರವಾರದ ಆ ಸರ್ವರ್ ಮುನ್ನೂರು ಮನೆಗಳ ಉಸಿರುಪಟ್ಟಿಗಳನ್ನು ನಡೆಸುತ್ತಿತ್ತು. ಎದೆಗೆ ಕಟ್ಟಿದ ಈ ಪಟ್ಟಿ, ಸರ್ವರ್ ಹೇಳಿದಾಗಲೆಲ್ಲ ಸೋತ ಶ್ವಾಸಕೋಶವನ್ನು ಹಿಗ್ಗಿಸಿ ಕುಗ್ಗಿಸುತ್ತದೆ.

ಸರ್ವರಿನ ಮೆಮೊರಿ ಅಡುಗೆಮನೆಯ ಕಟ್ಟೆಯಂಥದು. ಬಳಸಿದ ಪಾತ್ರೆ ತೆಗೆಯದೆ ಹೊಸದನ್ನು ಇಡುತ್ತ ಹೋದರೆ ಜಾಗ ಮುಗಿದು ಕೆಲಸ ನಿಲ್ಲುತ್ತದೆ. ಹಾಗೆ ನಿಂತರೆ ಸರ್ವರ್ ಮತ್ತೆ ಶುರುವಾಗಲು ಆರು ನಿಮಿಷ ಬೇಕು. ಮೂರು ದಿನದ ಹಿಂದೆ ಆ ಆರು ನಿಮಿಷದಲ್ಲಿ ಇಬ್ಬರು ತೀರಿಕೊಂಡಿದ್ದರು. ಕಾರಣ ಹಿಡಿದೇ ಹಿಡಿಯುತ್ತೇನೆಂದು ಮಾಪಕ ಕಂಡುಹಿಡಿದ ವಿಜ್ಞಾನಿ ಫಿಲೋಮಿನಾ ತೀರಿಕೊಂಡವರ ಮನೆಯವರಿಗೆ ಮಾತು ಕೊಟ್ಟಿದ್ದರು. ವಿಜ್ಞಾನಿಗಳಿಗೆ ತಮ್ಮ ಯಂತ್ರದ ಮೇಲಿರುವಷ್ಟು ನಂಬಿಕೆ ಹೆತ್ತವರಿಗೂ ಮಕ್ಕಳ ಮೇಲಿರುವುದಿಲ್ಲ.

"ಸೆಕೆಂಡಿಗೊಮ್ಮೆ ಅಳೆಯೋಣ," ಎಂದರು ಫಿಲೋಮಿನಾ. ಕಾಲು ಗಂಟೆಯಲ್ಲಿ ಎಂಬತ್ತೇಳು.

"ಸೆಕೆಂಡಿಗೆ ಹತ್ತು ಸಲ." ನೋಡುನೋಡುತ್ತಿದ್ದಂತೆ ತೊಂಬತ್ತಮೂರು.

ಸರ್ವರ್ ನೋಡಿಕೊಳ್ಳುವ ಜಯವಂತ ಕುರ್ಚಿಯಿಂದ ಎದ್ದು ಬಂದ. ಪಟ್ಟಿ ಕಟ್ಟಿಕೊಂಡವರಲ್ಲಿ ಅವನ ಹೆಂಡತಿ ಸುಮತಿಯೂ ಒಬ್ಬಳು.

"ಮೇಡಂ, ನೀವು ಹೆಚ್ಚು ಅಳೆದಷ್ಟೂ ಅದು ಹೆಚ್ಚು ಏರ್ತಾ ಉಂಟು! ಈ ಅಳತೆ ಎಲ್ಲ ಎಲ್ಲಿ ಕೂಡ್ತದೆ?"

"ಸರ್ವರಿನ ಮೆಮೊರಿಯಲ್ಲೇ. ಒಂದೂ ತಪ್ಪಿಹೋಗಬಾರದು ಅಂತ..." ಫಿಲೋಮಿನಾ ಪರದೆಯತ್ತ ತಿರುಗಿದರು.

"ಬಂದ್ ಮಾಡಿ!"

"ಮಾಡಿದರೆ ಏರ್ತದೋ ಇಳೀತದೋ ನಮಗೆ ಗೊತ್ತೇ ಆಗೋದಿಲ್ಲ, ಜಯವಂತ."

"ಬಂದ್ ಮಾಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೆ!"

ತೊಂಬತ್ತೆಂಟಕ್ಕೆ ಫಿಲೋಮಿನಾ ಮಾಪಕವನ್ನು ನಿಲ್ಲಿಸಿದರು. ಕೂಡಿಟ್ಟ ಅಳತೆಗಳೆಲ್ಲ ಅಳಿಸಿಹೋಗಿ ಪರದೆ ಖಾಲಿಯಾಯಿತು. ಜಯವಂತ ಮನೆಗೆ ಫೋನ್ ಹಚ್ಚಿದ. "ಅತ್ತೆ, ಫೋನು ಅವಳ ಬಾಯಿ ಹತ್ತಿರ ಹಿಡೀರಿ." ಅವನು ಕಿವಿಗೊಟ್ಟು ನಿಂತ. ಹತ್ತು ನಿಮಿಷವಾದ ಮೇಲೆ, "ಉಸಿರು ಉಂಟು," ಎಂದು ಗಳಗಳ ಅತ್ತುಬಿಟ್ಟ.

ಫಿಲೋಮಿನಾರಿಗೆ ಅಳುವ ಧೈರ್ಯವೂ ಉಳಿದಿರಲಿಲ್ಲ. ಆ ಇಬ್ಬರು ಸಾಯುವುದಕ್ಕೆ ನಾಲ್ಕು ದಿನ ಮೊದಲು ಮಾಪಕವನ್ನು ಸರ್ವರಿಗೆ ಸೇರಿಸಿದವರು ಅವರೇ. ಅದು ಮೆಮೊರಿ ತಿಂದದ್ದಕ್ಕೆ ಈಗ ಜಯವಂತನ ಮಾತು ಬಿಟ್ಟರೆ ಯಾವ ಸಾಕ್ಷಿಯೂ ಇರಲಿಲ್ಲ, ಸುಮ್ಮನಿದ್ದರೆ ಯಾರಿಂದಲೂ ಸಾಬೀತು ಮಾಡಲಾಗುತ್ತಿರಲಿಲ್ಲ. ವರದಿಯಲ್ಲಿ 'ಕಾರಣ' ಎಂಬಲ್ಲಿ ತಮ್ಮ ಮಾಪಕದ ಹೆಸರು ಬರೆದು, ಆ ಎರಡು ಮನೆಗಳಿಗೆ ಹೊರಟರು.

ಯಾವ ಮಾಪಕವಾದರೂ ತಾನೆಷ್ಟು ತಿನ್ನುತ್ತೇನೆಂದು ಮೊದಲು ಹೇಳಬೇಕೆಂಬ ಕಾನೂನು ಬಂದದ್ದು ಆಮೇಲೆ. ಅದಕ್ಕೆ ಎರಡು ಜೀವ ಬೇಕಾದವು. 2058 ಇನ್ನೂ ಬಹಳ ದೂರವಿರುವ ಇವತ್ತು, ಹಗಲಿಡೀ ನಮ್ಮನ್ನು ಅಳೆಯುತ್ತಿರುವ ಯಂತ್ರಗಳಿಗೆ 'ನೀನೆಷ್ಟು ತಿನ್ನುತ್ತೀ' ಎಂದು ನಾವಿನ್ನೂ ಕೇಳಿಲ್ಲ.